ಸಾವಧಾನ ಧ್ಯಾನ ಶಿಕ್ಷಣ: ವಿಶ್ವವಿದ್ಯಾಲಯಗಳಲ್ಲಿ ಮತ್ತು ಸಕಲೇಶಪುರ–ಆಲೂರು ಬೆಟ್ಟಸೀಮೆಯಲ್ಲಿ

ಉಸಿರು, ಮೈಯ ಸಂವೇದನೆ, ಬಂದುಹೋಗುವ ಆಲೋಚನೆ ಮತ್ತು ಭಾವನೆಗಳನ್ನು ಒಳ್ಳೆಯದು ಕೆಟ್ಟದ್ದೆಂದು ತೀರ್ಪು ಕೊಡದೆ ಗಮನಿಸುವ ಅಭ್ಯಾಸವನ್ನು ಕಾಲೇಜು ಮತ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಕ್ರಮವಾಗಿ ಕಲಿಸುವ ಪದ್ಧತಿ. ಮೈಂಡ್‌ಫುಲ್‌ನೆಸ್ ತರಬೇತಿ ಎಂಬ ಹೆಸರಿನಲ್ಲೂ ಬಳಕೆಯಲ್ಲಿದೆ. ಪರೀಕ್ಷೆಯ ಒತ್ತಡ, ಆತಂಕ, ನಿದ್ದೆಗೇಡು, ಒಂದೇ ಚಿಂತೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವ ಚಾಳಿ ಇವನ್ನು ತಗ್ಗಿಸಿ ವಿದ್ಯಾರ್ಥಿಯ ಯೋಗಕ್ಷೇಮಕ್ಕೆ ನೆರವಾಗುವುದು ಇದರ ಉದ್ದೇಶ. ಚಿಕಿತ್ಸೆಗೆ ಇದು ಬದಲಿಯಲ್ಲ. ಕಲಿಯುವವರು ತಾವಾಗಿ ಒಪ್ಪಿ ಬಂದಾಗ, ತರಬೇತಿ ಪಡೆದವರು ಕಲಿಸಿದಾಗ, ಬೆನ್ನಿಗೆ ಆಪ್ತ ಸಮಾಲೋಚನೆಯ ವ್ಯವಸ್ಥೆ ಇದ್ದಾಗ ಇದರಿಂದ ಮಿತವಾದ, ಆದರೆ ನಿಜವಾದ ಪ್ರಯೋಜನ ಸಿಗುತ್ತದೆಂದು ಈವರೆಗಿನ ಅಧ್ಯಯನಗಳು ಸೂಚಿಸುತ್ತವೆ. ಕರ್ನಾಟಕದಲ್ಲಿ ಇದಕ್ಕೆ ಹಳೆಯ ಬೇರುಗಳೂ ಹೊಸ ಸಂಸ್ಥೆಗಳೂ ಇವೆ. ಹೊಸ ಸಂಸ್ಥೆಗಳಲ್ಲಿ ಹೆಚ್ಚಿನವು ಬೆಂಗಳೂರಿನ ಸುತ್ತಮುತ್ತ ಇವೆ. ಹಾಸನ ಜಿಲ್ಲೆಯ ಪಶ್ಚಿಮ ಅಂಚಿನ ಸಕಲೇಶಪುರ, ಆಲೂರು ತಾಲ್ಲೂಕುಗಳ ಪದವಿ ಕಾಲೇಜುಗಳಿಗೆ ಈ ಶಿಕ್ಷಣವನ್ನು ಒಗ್ಗಿಸಬೇಕಾದರೆ ಅಲ್ಲಿನ ಮಳೆ, ಬಸ್ಸು, ಕಾಫಿ ಕೊಯ್ಲು, ಕಾಡಾನೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಹಿನ್ನೆಲೆ

ಈ ಅಭ್ಯಾಸದ ಮೂಲ ಪಾಲಿ ಬೌದ್ಧ ಸಾಹಿತ್ಯದಲ್ಲಿದೆ. ಮಜ್ಝಿಮ ನಿಕಾಯದ ಸತಿಪಟ್ಠಾನ ಸುತ್ತ ಕಾಯ, ವೇದನೆ, ಚಿತ್ತ, ಧಮ್ಮ ಎಂಬ ನಾಲ್ಕು ನೆಲೆಗಳಲ್ಲಿ ಎಚ್ಚರವನ್ನು ನೆಲೆಗೊಳಿಸುವ ಬಗೆಯನ್ನು ವಿವರಿಸುತ್ತದೆ. ಅದೇ ಸಂಗ್ರಹದ ಆನಾಪಾನಸತಿ ಸುತ್ತ ಉಸಿರಾಟವನ್ನೇ ಆಧಾರವಾಗಿ ಹಿಡಿಯುತ್ತದೆ. ಮಸ್ಕಿ, ಬ್ರಹ್ಮಗಿರಿ, ಸನ್ನತಿಗಳಲ್ಲಿ ಅಶೋಕನ ಶಾಸನಗಳು ದೊರೆತಿರುವ ಕರ್ನಾಟಕಕ್ಕೆ ಬೌದ್ಧ ಪರಂಪರೆ ಹೊಸದಲ್ಲ. 20ನೆಯ ಶತಮಾನದಲ್ಲಿ ಜಿ. ಪಿ. ರಾಜರತ್ನಂ ಪಾಲಿ ಸಾಹಿತ್ಯವನ್ನು ಕನ್ನಡ ಓದುಗರಿಗೆ ಪರಿಚಯಿಸಿದರು. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಬೆಂಗಳೂರಿನಲ್ಲಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದರು. 1960ರ ದಶಕದಿಂದ ಬೈಲಕುಪ್ಪೆ ಮತ್ತು ಮುಂಡಗೋಡುಗಳಲ್ಲಿ ಟಿಬೆಟನ್ ವಸತಿಗಳೂ ಅವುಗಳ ವಿಹಾರಗಳೂ ಬೆಳೆದವು. ಎಸ್. ಎನ್. ಗೋಯೆಂಕಾ ಅವರ ಪರಂಪರೆಯ 10 ದಿನಗಳ ವಿಪಶ್ಯನ ಶಿಬಿರಗಳನ್ನು ನಡೆಸುವ ಧಮ್ಮ ಪಫುಲ್ಲ ಕೇಂದ್ರ ಇರುವುದು ಬೆಂಗಳೂರು ಉತ್ತರದ ದಾಸನಪುರ ಸಮೀಪದ ಆಲೂರಿನಲ್ಲಿ. ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಆಲೂರು ಬೇರೆ.

ಹಾಸನ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ಧ್ಯಾನದ ಅತಿ ದೊಡ್ಡ ಕುರುಹು ಜೈನ ಪರಂಪರೆಯದು. ಶ್ರವಣಬೆಳಗೊಳದಲ್ಲಿ ಸುಮಾರು 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟಮೂರ್ತಿ ಕಾಯೋತ್ಸರ್ಗ ಭಂಗಿಯಲ್ಲಿದೆ. ದೇಹದ ಮೇಲಣ ಮಮತೆಯನ್ನು ಬಿಟ್ಟು ಅಲುಗದೆ ನಿಲ್ಲುವ ಧ್ಯಾನವಿದು. ಒಂದು ಮುಹೂರ್ತ ಕಾಲ, ಅಂದರೆ 48 ನಿಮಿಷ, ಸಮಭಾವದಲ್ಲಿ ಕುಳಿತುಕೊಳ್ಳುವ ಸಾಮಾಯಿಕ ಜೈನ ಶ್ರಾವಕರ ನಿತ್ಯವಿಧಿಗಳಲ್ಲಿ ಒಂದು. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನೆಲೆಗೊಳಿಸುವ ಶಿವಯೋಗ ಮಲೆನಾಡಿನ ಲಿಂಗಾಯತ ಮನೆಗಳಿಗೆ ಪರಿಚಿತ. ಇವೆಲ್ಲ ಭಕ್ತಿ, ವ್ರತ, ಮುಕ್ತಿಗಳ ಚೌಕಟ್ಟಿನಲ್ಲಿ ಬಂದ ಸಾಧನೆಗಳು. ವಿಶ್ವವಿದ್ಯಾಲಯದಲ್ಲಿ ಕಲಿಸುವ ಸಾವಧಾನ ಧ್ಯಾನ ಈ ಚೌಕಟ್ಟನ್ನು ಹೊರಗಿಟ್ಟು ಗಮನದ ಅಭ್ಯಾಸವನ್ನು ಮಾತ್ರ ಉಳಿಸಿಕೊಂಡಿದೆ.

ಆಧುನಿಕ ರೂಪ

ಈ ಬದಲಾವಣೆಯನ್ನು ತಂದವರಲ್ಲಿ ಪ್ರಮುಖರು ಅಮೆರಿಕದ ಜಾನ್ ಕಬಾಟ್-ಜಿನ್. ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ, ದೀರ್ಘಕಾಲದ ನೋವಿನಿಂದ ಬಳಲುವ ರೋಗಿಗಳಿಗಾಗಿ ಒತ್ತಡ ಇಳಿಸುವ ತರಬೇತಿಯನ್ನು ಆರಂಭಿಸಿದರು. ವಾರಕ್ಕೊಂದರಂತೆ 8 ವಾರಗಳ ತರಗತಿ, ನಡುವೆ ಒಂದು ಇಡೀ ದಿನದ ಮೌನಾಭ್ಯಾಸ, ಮನೆಯಲ್ಲಿ ನಿತ್ಯ ಅಭ್ಯಾಸ ಇವು ಅದರ ಅಂಗಗಳು. ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್ ಮತ್ತು ಜಾನ್ ಟೀಸ್‌ಡೇಲ್ ಇದನ್ನು ಅರಿವಿನ ಚಿಕಿತ್ಸೆಯೊಂದಿಗೆ ಬೆಸೆದು, ಖಿನ್ನತೆ ಮರುಕಳಿಸದಂತೆ ತಡೆಯುವ ಕ್ರಮವನ್ನು ರೂಪಿಸಿದರು. ಅವರ ಕೈಪಿಡಿ 2002ರಲ್ಲಿ ಪ್ರಕಟವಾಯಿತು. ಇವರ ವಿವರಣೆಯ ಪ್ರಕಾರ ಆಲೋಚನೆಯನ್ನು ನಿಲ್ಲಿಸುವುದು ಅಭ್ಯಾಸದ ಗುರಿಯಲ್ಲ. ‘ನಾನು ಫೇಲಾಗುತ್ತೇನೆ’ ಎಂಬುದು ನಡೆದುಹೋದ ಸಂಗತಿಯಲ್ಲ, ಮನಸ್ಸಿಗೆ ಬಂದ ಒಂದು ಆಲೋಚನೆ ಮಾತ್ರ ಎಂದು ಗುರುತಿಸಲು ಕಲಿತವರು ಆ ಆಲೋಚನೆಯ ಬೆನ್ನು ಹತ್ತಿ ಕುಸಿಯುವುದು ಕಡಿಮೆ.

ವಿಶ್ವವಿದ್ಯಾಲಯಗಳಲ್ಲಿ ನಡೆದ ಪರೀಕ್ಷೆಗಳು

ವಿದ್ಯಾರ್ಥಿಗಳ ಮೇಲಿನ ಮೊದಲ ಗಮನಾರ್ಹ ಅಧ್ಯಯನಗಳಲ್ಲಿ ಒಂದು 1998ರಲ್ಲಿ ಶೌನಾ ಶಪೀರೊ ಮತ್ತು ಸಂಗಡಿಗರು ವೈದ್ಯಕೀಯ ವಿದ್ಯಾರ್ಥಿಗಳನ್ನು ಕುರಿತು ಪ್ರಕಟಿಸಿದ್ದು. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯ ವೈದ್ಯಕೀಯ ಪಠ್ಯಕ್ರಮದೊಳಗೇ ಈ ಅಭ್ಯಾಸಕ್ಕೆ ಜಾಗ ಕೊಟ್ಟಿತು. ನಾರ್ವೆಯಲ್ಲಿ ವೈದ್ಯಕೀಯ ಮತ್ತು ಮನಶ್ಶಾಸ್ತ್ರದ 288 ವಿದ್ಯಾರ್ಥಿಗಳ ಮೇಲೆ ನಡೆದ ಯಾದೃಚ್ಛಿಕ ಪ್ರಯೋಗದ ಫಲಿತಾಂಶ 2013ರಲ್ಲಿ ಹೊರಬಂತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕೋರು ಎಂಬ ಪಾಠ ಇಡೀ ತರಬೇತಿಯನ್ನು 4 ತರಗತಿಗಳಿಗೆ ಇಳಿಸಿತು. ವಿದ್ಯಾರ್ಥಿಗಳಿಗೆ 8 ವಾರ ಹೆಚ್ಚು, ದಿನಕ್ಕೆ 45 ನಿಮಿಷ ಇನ್ನೂ ಹೆಚ್ಚು ಎಂಬ ಅನುಭವ ಅದರ ಹಿಂದಿತ್ತು.

ಹೆಚ್ಚು ಚರ್ಚೆಗೆ ಬಂದದ್ದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪ್ರಯೋಗ. 616 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಎಂದಿನ ಸಮಾಲೋಚನಾ ಸೇವೆಯ ಜೊತೆಗೆ 8 ವಾರಗಳ ತರಬೇತಿಯನ್ನೂ, ಇನ್ನೊಂದಕ್ಕೆ ಸೇವೆಯನ್ನಷ್ಟೇ ಒದಗಿಸಲಾಯಿತು. ಅಳತೆ ನಡೆದದ್ದು ವರ್ಷಾಂತ್ಯದ ಪರೀಕ್ಷೆಯ ಕಾಲದಲ್ಲಿ. ಚಿಕಿತ್ಸೆ ಬೇಕಾಗಬಹುದಾದಷ್ಟು ಮಾನಸಿಕ ಸಂಕಟ ತರಬೇತಿ ಇಲ್ಲದ ಗುಂಪಿನ ಶೇ. 57 ಜನರಲ್ಲಿ ಕಂಡುಬಂದರೆ, ತರಬೇತಿ ಪಡೆದವರಲ್ಲಿ ಅದು ಶೇ. 37ಕ್ಕೆ ಇಳಿದಿತ್ತು. ಈ ವರದಿ 2018ರಲ್ಲಿ ಪ್ರಕಟವಾಯಿತು.

ಎಲ್ಲ ಫಲಿತಾಂಶಗಳೂ ಇಷ್ಟು ಸ್ಪಷ್ಟವಾಗಿಲ್ಲ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲಿನ 51 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2020ರ ವಿಮರ್ಶೆಯ ಪ್ರಕಾರ, ಏನನ್ನೂ ಕಲಿಯದವರಿಗೆ ಹೋಲಿಸಿದರೆ ಲಾಭ ಎದ್ದು ಕಾಣುತ್ತದೆ. ಬೇರೆ ಯಾವುದಾದರೂ ತರಬೇತಿ ಪಡೆದವರಿಗೆ ಹೋಲಿಸಿದರೆ ಅಂತರ ಕಿರಿದಾಗುತ್ತದೆ. ಅದೇ ವರ್ಷ ಪ್ರಕಟವಾದ, ಯೇಲ್ ವಿಶ್ವವಿದ್ಯಾಲಯದ 135 ವಿದ್ಯಾರ್ಥಿಗಳ ಮೇಲಿನ ಪ್ರಯೋಗದಲ್ಲಿ ಸಾವಧಾನ ತರಬೇತಿಗಿಂತ ಹೆಚ್ಚು ಅಂಶಗಳಲ್ಲಿ ಸುಧಾರಣೆ ತೋರಿದ್ದು ಬೆಂಗಳೂರಿನಲ್ಲಿ ಕೇಂದ್ರ ಹೊಂದಿರುವ ಆರ್ಟ್ ಆಫ್ ಲಿವಿಂಗ್ ಸಂಸ್ಥೆಯ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ. ಬ್ರಿಟನ್ನಿನ 85 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು, ಅವರಲ್ಲಿ ಒಂದು ಗುಂಪಿಗೆ ತರಗತಿಯ ಭಾಗವಾಗಿಯೇ ಕಲಿಸಿದ ಮಿರಿಯಡ್ ಪ್ರಯೋಗ 2022ರಲ್ಲಿ ವಿಶೇಷ ಪ್ರಯೋಜನವಿಲ್ಲವೆಂದು ತೋರಿಸಿತು. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ವಯಸ್ಸು ಬೇರೆ, ಸಂದರ್ಭ ಬೇರೆ ಆದರೂ ಕೇಂಬ್ರಿಡ್ಜ್ ಮತ್ತು ಮಿರಿಯಡ್ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಪಾಠ ಸಿಗುತ್ತದೆ: ಬಯಸಿ ಬಂದವರಿಗೆ ಕಲಿಸುವುದೂ ಎಲ್ಲರನ್ನೂ ಕೂರಿಸಿ ಕಲಿಸುವುದೂ ಒಂದೇ ಅಲ್ಲ.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಈ ಕ್ಷೇತ್ರದ ಮುಖ್ಯ ಸಂಸ್ಥೆ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ನಿಮ್ಹಾನ್ಸ್. 1974ರಲ್ಲಿ ಈ ರೂಪ ಪಡೆದ ಸಂಸ್ಥೆ 2012ರಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಯೋಗ ಮತ್ತು ಧ್ಯಾನವನ್ನು ಆಧುನಿಕ ಮನೋವೈದ್ಯದ ಅಳತೆಗೋಲಿನಿಂದ ಪರಿಶೀಲಿಸುವ ಕೆಲಸ ಅಲ್ಲಿ ದಶಕಗಳಿಂದ ನಡೆದಿದೆ. ಜಿಗಣಿಯ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ 2002ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಎಚ್. ಆರ್. ನಾಗೇಂದ್ರ ಅವರು ಅಲ್ಲಿ ರೂಪಿಸಿದ ಆವರ್ತನ ಧ್ಯಾನದಲ್ಲಿ ನಿಧಾನವಾದ ಆಸನಗಳೂ ಮಲಗಿ ವಿಶ್ರಮಿಸುವುದೂ ಸರದಿಯಾಗಿ ಬರುತ್ತವೆ. ಕಣ್ಣು ಮುಚ್ಚಿ ಕೂತರೆ ತೂಕಡಿಸುವ ಇಲ್ಲವೇ ಚಡಪಡಿಸುವ ಯುವಜನರಿಗೆ ಈ ಕ್ರಮ ಹೊಂದುತ್ತದೆ.

ಪದವಿ ಕಾಲೇಜುಗಳ ವೇಳಾಪಟ್ಟಿಯಲ್ಲಿ ಇಂಥ ಅಭ್ಯಾಸಕ್ಕೆ ಅಧಿಕೃತ ಜಾಗ ದೊರೆತದ್ದು ಇತ್ತೀಚೆಗೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2019ರಲ್ಲಿ ಹೊಸ ವಿದ್ಯಾರ್ಥಿಗಳಿಗಾಗಿ ದೀಕ್ಷಾರಂಭ ಎಂಬ ಪರಿಚಯ ಕಾರ್ಯಕ್ರಮವನ್ನೂ ಜೀವನ ಕೌಶಲ ಎಂಬ ಪಠ್ಯಕ್ರಮವನ್ನೂ ಹೊರತಂದಿತು. 2023ರಲ್ಲಿ ವಿದ್ಯಾರ್ಥಿಗಳ ದೈಹಿಕ, ಮಾನಸಿಕ ಕ್ಷೇಮಕ್ಕಾಗಿ ಮಾರ್ಗಸೂಚಿ ಪ್ರಕಟಿಸಿತು. ಕರ್ನಾಟಕದಲ್ಲಿ 2021–22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಜಾರಿಯಾದ ಪದವಿ ಪಠ್ಯದಲ್ಲಿ ಯೋಗ, ಆರೋಗ್ಯ ಮತ್ತು ಕ್ಷೇಮ ಎಂಬ ಸಣ್ಣ ಪತ್ರಿಕೆಗಳಿದ್ದವು. ಸುಖದೇವ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ ರಾಜ್ಯ 2024–25ರಿಂದ ಆ ಪಠ್ಯವನ್ನು ಬಿಟ್ಟು ಮೂರು ವರ್ಷಗಳ ಪದವಿಗೆ ಮರಳಿತು. ಹೀಗೆ ಪಠ್ಯಕ್ರಮ ಬದಲಾಗುತ್ತಲೇ ಇರುವುದರಿಂದ ಧ್ಯಾನವನ್ನು ಅಂಕದ ಪತ್ರಿಕೆಯಾಗಿಸುವುದಕ್ಕಿಂತ ವಿದ್ಯಾರ್ಥಿ ಕ್ಷೇಮದ ಸೇವೆಯಾಗಿ ಉಳಿಸಿಕೊಳ್ಳುವುದು ಹೆಚ್ಚು ಬಾಳಿಕೆಯ ದಾರಿ.

ಅಗತ್ಯ ಎಷ್ಟಿದೆ ಎಂಬುದಕ್ಕೆ ವೈದ್ಯಕೀಯ ಶಿಕ್ಷಣದ ಅಂಕಿಅಂಶ ಲಭ್ಯವಿದೆ. ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ್ ಅಧ್ಯಕ್ಷತೆಯ ರಾಷ್ಟ್ರೀಯ ಕಾರ್ಯಪಡೆ 2024ರಲ್ಲಿ ಸಲ್ಲಿಸಿದ ವರದಿಯ ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದ 25,590 ಪದವಿ ವಿದ್ಯಾರ್ಥಿಗಳಲ್ಲಿ ಶೇ. 27.8 ಜನ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆ ಇದೆಯೆಂದು ಹೇಳಿಕೊಂಡಿದ್ದರು. ಇಚ್ಛೆಯಿಂದ ಉತ್ತರಿಸಿದವರ ಸಮೀಕ್ಷೆ ಇದಾದ್ದರಿಂದ ಇಡೀ ಸಮುದಾಯಕ್ಕೆ ಈ ಪ್ರಮಾಣವನ್ನು ನೇರವಾಗಿ ಅನ್ವಯಿಸಲಾಗದು. ಆದರೂ ಕಡೆಗಣಿಸುವಂಥದ್ದಲ್ಲ. ಕಾಲೇಜಿನ ಒಳಗೂ ಹೊರಗೂ ಇರುವ ಯುವಜನರಿಗಾಗಿ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ಯುವ ಸ್ಪಂದನ ಎಂಬ ಕಾರ್ಯಕ್ರಮವನ್ನು ರೂಪಿಸಿದೆ. ತರಬೇತಿ ಪಡೆದ ಸ್ಥಳೀಯ ಯುವ ಪರಿವರ್ತಕರು ಅದರ ಬೆನ್ನೆಲುಬು.

ಸಕಲೇಶಪುರ–ಆಲೂರು ಬೆಟ್ಟಸೀಮೆ

ಹೇಮಾವತಿ ನದಿಯ ದಂಡೆಯ ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಪಟ್ಟಣದಿಂದ ಪಶ್ಚಿಮಕ್ಕೆ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ, ಅದರಾಚೆ ಶಿರಾಡಿ ಘಾಟಿ. ಬೆಳಗೋಡು, ಹಾನುಬಾಳು, ಹೆತ್ತೂರು, ಯಸಳೂರು ಹೋಬಳಿಗಳಲ್ಲಿ ಕಾಫಿ, ಏಲಕ್ಕಿ, ಮೆಣಸಿನ ತೋಟಗಳು ಹಬ್ಬಿವೆ. ಪೂರ್ವದ ಆಲೂರು ತಾಲ್ಲೂಕು ಮಲೆನಾಡು ಬಯಲಿಗೆ ಇಳಿಯುವ ಅರೆಮಲೆನಾಡು. ಪಾಳ್ಯ, ಕುಂದೂರು, ಕೆಂಚಮ್ಮನ ಹೊಸಕೋಟೆ ಅದರ ಹೋಬಳಿಗಳು. ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟಿನ ಹಿನ್ನೀರು ಈ ಭಾಗದ ಊರುಗಳನ್ನು ಮುಳುಗಿಸಿತು, ಅನೇಕ ಕುಟುಂಬಗಳು ನೆಲೆ ಕಳೆದುಕೊಂಡವು.

ಎರಡೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಜಿಲ್ಲೆಗೆ 2023ರಲ್ಲಿ ಹೇಮಗಂಗೋತ್ರಿ ಆವರಣದಲ್ಲಿ ಹಾಸನ ವಿಶ್ವವಿದ್ಯಾಲಯ ಬಂತು. ಮೇಲುಮಟ್ಟದ ನೆರವು ಬೇಕಾದಾಗ ಬೆಟ್ಟಸೀಮೆಯ ವಿದ್ಯಾರ್ಥಿ ನೋಡುವುದು ಹಾಸನದ ಕಡೆಗೆ. ಅಲ್ಲಿ 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ ಹುಟ್ಟಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಇದೆ.

ಇಲ್ಲಿನ ವಿದ್ಯಾರ್ಥಿಯ ಒತ್ತಡಕ್ಕೆ ಊರಿನದೇ ಕಾರಣಗಳಿವೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿವರೆಗೆ, ರೊಬಸ್ಟಾ ಅದರ ಬೆನ್ನಿಗೆ. ಬೆಸ ಸೆಮಿಸ್ಟರಿನ ಕೊನೆಯ ವಾರಗಳು ಸಾಮಾನ್ಯವಾಗಿ ಈ ದಿನಗಳಿಗೇ ತಾಗುತ್ತವೆ. ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗನಿಗೆ ಅದು ಕೂಲಿ ಕೈಗೆ ಸಿಗುವ ಕಾಲ, ಸಣ್ಣ ಬೆಳೆಗಾರನ ಮಗಳಿಗೆ ಕಣದಲ್ಲಿ ಕಾಫಿ ಒಣಗಿಸುವ ಕಾಲ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಕೈಕೊಟ್ಟರೆ ಮುಂದಿನ ವರ್ಷದ ಫೀಸಿನ ಲೆಕ್ಕವೇ ತಪ್ಪುತ್ತದೆ. ಕಾಡಾನೆಗಳ ಓಡಾಟವಿರುವ ಊರುಗಳಲ್ಲಿ ಬೆಳಗಿನ ಮೊದಲ ಬಸ್ಸು ಹಿಡಿಯಲು ತೋಟದ ದಾರಿಯಲ್ಲಿ ನಡೆದುಬರುವುದೇ ಒಂದು ಆತಂಕ. ಮುಂಗಾರಿನಲ್ಲಿ ಮರ ಬಿದ್ದು, ಘಾಟಿ ಕುಸಿದು, ವಿದ್ಯುತ್ ಹೋಗಿ ದಿನಗಟ್ಟಲೆ ಸಂಪರ್ಕ ತಪ್ಪುವುದುಂಟು. 2023ರ ಜೂನ್‌ನಲ್ಲಿ ಜಾರಿಗೆ ಬಂದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ನೀಡುವ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರ ಬಸ್ ಖರ್ಚು ತಪ್ಪಿದೆ. ಸಂಜೆಯ ಕೊನೆಯ ಬಸ್ಸಿನ ಚಿಂತೆ ಮಾತ್ರ ತಪ್ಪಿಲ್ಲ.

ಆದ್ದರಿಂದ ನಗರದ ಮಾದರಿಯನ್ನು ಇಲ್ಲಿ ಹಾಗೇ ಇಳಿಸಲು ಬರುವುದಿಲ್ಲ. ತರಗತಿ ಮುಗಿದ ಮೇಲಿನ ಎರಡು ಗಂಟೆಯ ಕೂಟಕ್ಕೆ ಹಳ್ಳಿಯ ವಿದ್ಯಾರ್ಥಿಗಳು ಉಳಿಯಲಾರರು. ಮಧ್ಯಾಹ್ನದ ಊಟದ ಬಿಡುವಿಗೆ ಮುಂಚಿನ 30 ನಿಮಿಷ ಹೆಚ್ಚು ಅನುಕೂಲ. ಬಯಲಿನಲ್ಲಿ ನಡೆಯುತ್ತ ಮಾಡುವ ಧ್ಯಾನ ಬೆಳಗಿನ ಜಾವ, ಮುಸ್ಸಂಜೆಗಳಲ್ಲಿ ಇಲ್ಲಿ ಅಪಾಯಕಾರಿ. ಕಾಲೇಜಿನ ಮೊಗಸಾಲೆಯೇ ಅದಕ್ಕೆ ತಕ್ಕ ಜಾಗ. ಮೊಬೈಲ್ ಆ್ಯಪ್‌ಗಳನ್ನು ನಂಬಿದ ಪಾಠ ಸಿಗ್ನಲ್ ಇಲ್ಲದ ಹೋಬಳಿಗಳಲ್ಲಿ ನಿಂತುಹೋಗುತ್ತದೆ. ಕನ್ನಡದಲ್ಲಿ ಧ್ವನಿಮುದ್ರಿಸಿ ಫೋನಿಗೆ ಹಾಕಿಕೊಟ್ಟ ಸೂಚನೆ, ಒಂದು ಪುಟದ ಕೈಚೀಟಿ ಉಳಿಯುತ್ತವೆ. ಎಂಟು ವಾರಗಳ ಪಾಠವನ್ನು ಮಳೆ ತಗ್ಗಿದ ಸೆಪ್ಟೆಂಬರಿನಲ್ಲಿ ಆರಂಭಿಸಿದರೆ ಕೊಯ್ಲು ಬಿರುಸಾಗುವ ಮೊದಲೇ ಮುಗಿಯುತ್ತದೆ.

ಬೋಧನಾ ಕ್ರಮ

ಮೊದಲ ತರಗತಿಯಲ್ಲಿ ಸಾಮಾನ್ಯವಾಗಿ ಒಂದು ಒಣದ್ರಾಕ್ಷಿಯನ್ನು ಕೈಗಿತ್ತು ಐದು ಇಂದ್ರಿಯಗಳಿಂದ ನಿಧಾನವಾಗಿ ಪರೀಕ್ಷಿಸಲು ಹೇಳುತ್ತಾರೆ. ಸಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಕೇಂದ್ರ ದೋಣಿಗಾಲ್‌ನಲ್ಲಿರುವ ಈ ಸೀಮೆಯಲ್ಲಿ ಒಂದು ಏಲಕ್ಕಿ ಕಾಯಿಯೇ ಸಾಕು. ಬೆರಳುಗಳ ನಡುವೆ ಹೊರಳಿಸಿದರೆ ಮೂರು ಏಣು ತಾಗುತ್ತವೆ. ಉಗುರಿನಿಂದ ಸಿಪ್ಪೆ ಸೀಳಿದಾಗ ಸಣ್ಣ ಸದ್ದು, ಆಮೇಲೆ ವಾಸನೆ, ಅಂಟಿಕೊಂಡ ಕಪ್ಪು ಬೀಜಗಳು. ಬೀಜವನ್ನು ಹಲ್ಲಿನಲ್ಲಿ ಒಡೆದಾಗ ಮೊದಲು ಖಾರ, ಹಿಂದೆಯೇ ತಂಪು. ಅಷ್ಟರಲ್ಲಿ ಬೆಳೆಗಾರರ ಮನೆಯ ವಿದ್ಯಾರ್ಥಿಗೆ ಈ ವರ್ಷದ ಧಾರಣೆಯೋ ಗಿಡಕ್ಕೆ ಬಿದ್ದ ಕಟ್ಟೆ ರೋಗವೋ ನೆನಪಾಗುತ್ತದೆ. ಮನಸ್ಸು ಅತ್ತ ಹೋದದ್ದನ್ನು ಕಂಡುಕೊಂಡು ನಾಲಿಗೆಯ ರುಚಿಗೆ ಮರಳಿ ಬರುವುದೇ ಅಂದಿನ ಪಾಠ. ಮನಸ್ಸು ಅಲೆದದ್ದು ತಪ್ಪೆಂದು ಶಿಕ್ಷಕರು ಹೇಳಬಾರದು.

ಎರಡನೆಯ ಹಂತ ಅಂಗಾಲಿನಿಂದ ನೆತ್ತಿಯವರೆಗೆ ಮೈಯನ್ನು ಭಾಗಭಾಗವಾಗಿ ಗಮನಿಸುವುದು. ಮೂರನೆಯದು ಉಸಿರು. ‘ಉಸಿರನ್ನು ಉದ್ದ ಮಾಡಬೇಡಿ, ಗಿಡ್ಡ ಮಾಡಬೇಡಿ, ಮೂಗಿನ ತುದಿಯಲ್ಲೋ ಹೊಟ್ಟೆಯಲ್ಲೋ ಅದು ಬಂದುಹೋಗುವುದು ತಿಳಿದರೆ ಸಾಕು’ ಎಂಬಷ್ಟು ಸರಳವಾದ ಆಡುಮಾತಿನ ಸೂಚನೆ ಸಾಲುತ್ತದೆ. ಪ್ರಾಣಾಯಾಮದಲ್ಲಿ ಉಸಿರನ್ನು ನಿಯಂತ್ರಿಸಲಾಗುತ್ತದೆ, ಇಲ್ಲಿ ಗಮನಿಸಲಾಗುತ್ತದೆ. ಪರೀಕ್ಷಾ ಕೊಠಡಿಗೆ ಒದಗುವುದು ಮೂರು ನಿಮಿಷದ ಕಿರು ಅಭ್ಯಾಸ: ಮೊದಲು ಈಗ ಏನು ನಡೆಯುತ್ತಿದೆ ಎಂದು ನೋಡುವುದು, ಬಳಿಕ ಉಸಿರಿಗೆ ಬರುವುದು, ಕೊನೆಗೆ ಬೆಂಚು ತಾಗಿದ ಬೆನ್ನು, ನೆಲ ತಾಗಿದ ಪಾದ ಸಹಿತ ಇಡೀ ಮೈಗೆ ಗಮನವನ್ನು ಹರಡುವುದು. ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚಿನ ಬಿಡುವು ಇದಕ್ಕೆ ಸಾಕು.

ಪ್ರತಿ ತರಗತಿಯ ಕೊನೆಯಲ್ಲಿ ವಿದ್ಯಾರ್ಥಿಗಳು ತಮ್ಮ ಅನುಭವ ಹೇಳುತ್ತಾರೆ. ಬೋಧಕರ ಅರ್ಹತೆ ಗೊತ್ತಾಗುವುದು ಈ ಮಾತುಕತೆಯಲ್ಲಿ. ತಾವು ಕೆಲವು ವರ್ಷಗಳಿಂದ ಅಭ್ಯಾಸ ಮಾಡದವರು, ಉಪದೇಶಕ್ಕೆ ಇಳಿಯುವವರು ಈ ಪಾಠಕ್ಕೆ ತಕ್ಕವರಲ್ಲ. ಮನೆಯ ಅಭ್ಯಾಸ ದಿನಕ್ಕೆ 10 ನಿಮಿಷದಿಂದ ಆರಂಭವಾದರೆ ನಡೆಯುತ್ತದೆ. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಮನೆಗಳಲ್ಲಿ ಅದಕ್ಕೆ ಬಸ್ಸಿನ ಸೀಟೇ ಜಾಗ.

ಮಿತಿಗಳು ಮತ್ತು ಟೀಕೆ

ಧ್ಯಾನ ಎಲ್ಲರಿಗೂ ಎಲ್ಲ ಕಾಲಕ್ಕೂ ಹಿತವಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ಮತ್ತು ಸಂಗಡಿಗರು ಧ್ಯಾನದ ವೇಳೆ ಕೆಲವರಲ್ಲಿ ಕಾಣಿಸಿಕೊಳ್ಳುವ ಭಯ, ನಿದ್ರಾಹೀನತೆ, ತನ್ನಿಂದ ತಾನೇ ದೂರವಾದಂಥ ಅನುಭವಗಳನ್ನು ದಾಖಲಿಸಿದ್ದಾರೆ. ತೀವ್ರ ಖಿನ್ನತೆ, ಮನೋವಿಕಾರ, ಇತ್ತೀಚಿನ ಆಘಾತ ಅಥವಾ ಆತ್ಮಹತ್ಯೆಯ ಯೋಚನೆ ಇರುವ ವಿದ್ಯಾರ್ಥಿಯನ್ನು ಮೊದಲು ವೈದ್ಯರ ಬಳಿ ಕಳಿಸಬೇಕು. ಕಣ್ಣು ತೆರೆದು ಅಭ್ಯಾಸ ಮಾಡುವ, ನಡುವೆ ಎದ್ದುಹೋಗುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕು.

ಎರಡನೆಯ ಟೀಕೆ ಸಾಮಾಜಿಕವಾದದ್ದು. ರೊನಾಲ್ಡ್ ಪರ್ಸರ್ 2019ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ವ್ಯವಸ್ಥೆ ಹುಟ್ಟಿಸಿದ ಒತ್ತಡವನ್ನು ವ್ಯಕ್ತಿಯ ಮನಸ್ಸಿನ ದೋಷವೆಂಬಂತೆ ಬಿಂಬಿಸುವುದಕ್ಕೆ ಈ ತರಬೇತಿ ಬಳಕೆಯಾಗುತ್ತಿದೆ ಎಂದು ಆಕ್ಷೇಪಿಸಿದರು. ಭಾರತದ ಕ್ಯಾಂಪಸ್ಸುಗಳಲ್ಲಿ ಜಾತಿ ತಾರತಮ್ಯ, ಬಾಕಿ ಬಿದ್ದ ವಿದ್ಯಾರ್ಥಿವೇತನ, ತುಂಬದ ಅಧ್ಯಾಪಕ ಹುದ್ದೆಗಳು ಇರುವಾಗ ಈ ಮಾತಿಗೆ ತೂಕವಿದೆ. ತಾರತಮ್ಯದ ದೂರಿಗೆ ಉತ್ತರ ವಿಚಾರಣೆಯೇ ಹೊರತು ಧ್ಯಾನವಲ್ಲ. ಮೂರನೆಯ ಪ್ರಶ್ನೆ ಧರ್ಮದ್ದು. ಮುಸ್ಲಿಂ, ಕ್ರೈಸ್ತ, ಜೈನ, ಲಿಂಗಾಯತ, ದಲಿತ ವಿದ್ಯಾರ್ಥಿಗಳು ಒಟ್ಟಿಗೆ ಕೂರುವ ಸರ್ಕಾರಿ ಕಾಲೇಜಿನಲ್ಲಿ ಮಂತ್ರ, ವಿಗ್ರಹ, ಗುರುವಂದನೆ ಇಲ್ಲದ ಸರಳ ಕ್ರಮವೇ ಎಲ್ಲರಿಗೂ ಒಪ್ಪಿಗೆಯಾಗುವಂಥದ್ದು.

ಪೂರಕ ವ್ಯವಸ್ಥೆ

ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾನಸಿಕ ಆರೋಗ್ಯದ ಮಾರ್ಗಸೂಚಿ ನೀಡಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಸಮಾಲೋಚಕರನ್ನು ಹೊಂದಿರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ನೀಡಬೇಕು ಎಂಬುವು ಅದರ ಅಂಶಗಳು. ಸಾವಧಾನ ಧ್ಯಾನದ ಪಾಠಕ್ಕೆ ಇಂಥ ವ್ಯವಸ್ಥೆಯೇ ಅಡಿಪಾಯ. ಸಮಾಲೋಚಕರಿಲ್ಲದ ಕಾಲೇಜಿನಲ್ಲಿ ಧ್ಯಾನವನ್ನಷ್ಟೇ ಆರಂಭಿಸುವುದು ಅರ್ಧ ಕೆಲಸ. ಸಹಾಯವಾಣಿ ಸಂಖ್ಯೆಗಳನ್ನು ತರಗತಿ ಮತ್ತು ವಿದ್ಯಾರ್ಥಿನಿಲಯಗಳಲ್ಲಿ ಕಾಣುವಂತೆ ಹಾಕಬೇಕೆಂಬುದೂ ಆ ಮಾರ್ಗಸೂಚಿಯಲ್ಲಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು.